ಕಮ್ಮಟವೂ ಕಂಸಾಳೆಯೂ: ಕಾದಂಬರಿ ಕಲಿಯುವವರ ಆಕರಗಳು

ಕನ್ನಡದಲ್ಲಿ ಕಾದಂಬರಿ ಬರೆಯಲು ಕಲಿಯುವವರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳನ್ನು ಇಡಲಾಗುತ್ತದೆ. ಅಕಾಡೆಮಿ, ಪರಿಷತ್ತು, ಕಾಲೇಜುಗಳು ನಡೆಸುವ ಕಥಾ ಕಮ್ಮಟ ಮೊದಲನೆಯದು. ಹಿರಿಯ ಲೇಖಕರು ತಮ್ಮ ಬರವಣಿಗೆಯ ಬಗ್ಗೆ ತಾವೇ ಬರೆದ ಪುಸ್ತಕಗಳು ಎರಡನೆಯದು. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆ ಮತ್ತು ಮೊದಲ ಸಂಕಲನಗಳಿಗೆ ಸಿಗುವ ಹಸ್ತಪ್ರತಿ ಬಹುಮಾನ ಮೂರನೆಯದು. ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲೋ, ಪಕ್ಕದ ಕೊಳ್ಳೇಗಾಲ, ಹನೂರಿನ ಯಾವುದಾದರೂ ಹಳ್ಳಿಯಲ್ಲೋ ಕೂತು ಕಾದಂಬರಿಯ ಕನಸು ಕಾಣುವವರಿಗೂ ಶಿಫಾರಸಾಗುವುದು ಇವೇ. ಅದೇ ಹಳ್ಳಿಗಳಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದಪ್ಪನ, ಅಂದರೆ ಮಲೆ ಮಾದೇಶ್ವರನ, ಸಾಲುಗಳು (ಅವನ ಕಾವ್ಯದ ಕಥಾಭಾಗಗಳು), ನೀಲಗಾರರು ತಂಬೂರಿ ಮೀಟಿ ಹಾಡುವ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕತೆಗಳು ಮಾತ್ರ ಈ ಪಟ್ಟಿಗೆ ಸೇರುವುದಿಲ್ಲ. ಅವು ಜಾನಪದ ವಿಭಾಗದ ಕಪಾಟಿನಲ್ಲಿವೆ. ಕಮ್ಮಟದ ಹೆಸರು ಅದರ ಯೋಗ್ಯತೆಗಿಂತ ದೊಡ್ಡದಾಗಿ ಬೆಳೆದಿದೆ. ಕಥನದ ಪಾಠಶಾಲೆಯಾಗಿ ಈ ಸಾಲುಗಳಿಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ಈ ಸೀಮೆಯ ಬರಹಗಾರರ ಹಿನ್ನೆಲೆಯನ್ನು ಮೊದಲು ನೋಡಬೇಕು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಯಳಂದೂರಿನವಳು. ‘ಹದಿಬದೆಯ ಧರ್ಮ’ವನ್ನು ಆಕೆ ಸಾಂಗತ್ಯದಲ್ಲಿ ಬರೆದಳು, ಅದು ಹಾಡಿಕೊಂಡು ಹೋಗಬಹುದಾದ, ಓದು ಬಾರದವರ ಕಿವಿಗೂ ದಕ್ಕುವ ಮಟ್ಟು. ಅದೇ 17ನೆಯ ಶತಮಾನದಲ್ಲಿ ಯಳಂದೂರಿನ ನಂಟಿದ್ದ ಷಡಕ್ಷರದೇವ ‘ರಾಜಶೇಖರ ವಿಲಾಸ’ಕ್ಕೆ ಪ್ರೌಢ ಚಂಪುವನ್ನು ಆರಿಸಿಕೊಂಡ. ಹಾಡಿನ ದಾರಿ, ಪಾಂಡಿತ್ಯದ ದಾರಿ ಎರಡೂ ಇಲ್ಲಿ ಅಕ್ಕಪಕ್ಕದಲ್ಲೇ ಇದ್ದವು. ಯಳಂದೂರು ಮೈಸೂರಿನಲ್ಲಿ ಉಳಿದರೆ ಕೊಳ್ಳೇಗಾಲ 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ಆಡಳಿತದ ಗೆರೆಗಳು ಹೀಗೆ ಅಲುಗಾಡುತ್ತಿದ್ದಾಗಲೂ ಕತೆಯ ಗಡಿಗಳು ಅಲುಗಲಿಲ್ಲ. ಮಾದಪ್ಪನ ಒಕ್ಕಲು ಇರುವಷ್ಟು ದೂರ ಮಾದಪ್ಪನ ಸಾಲು ಹಾಡಿಸಿಕೊಂಡಿತು. ಈಚಿನವರಲ್ಲಿ ಹನೂರು ಸೀಮೆಯ ಪೊನ್ನಾಚಿಯಿಂದ ಬಂದ ಸ್ವಾಮಿ ಪೊನ್ನಾಚಿ ಅವರ ‘ಧೂಪದ ಮಕ್ಕಳು’ ಕಥಾಸಂಕಲನಕ್ಕೆ 2020ರ ಕೇಂದ್ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ಸಂದಿದೆ. ಈ ನೆಲದಲ್ಲಿ ಬರೆಯುವವರಿಗೆ ಬರವಿಲ್ಲ.

ಕಮ್ಮಟಗಳ ಉಪಕಾರವನ್ನು ಅಲ್ಲಗಳೆಯಲಾಗದು. ಎರಡು ಮೂರು ದಿನ ಜೊತೆಗಿದ್ದು ಕತೆ ಓದುವುದು, ಸಂಪನ್ಮೂಲ ವ್ಯಕ್ತಿಗಳ ಮಾತು ಕೇಳುವುದು, ತಿದ್ದುವುದು ಎಂದರೇನೆಂದು ಅರಿಯುವುದು ಒಂಟಿಯಾಗಿ ಬರೆಯುವವರಿಗೆ ದೊಡ್ಡ ಧೈರ್ಯ. ಆದರೆ ಕಮ್ಮಟ ಕಲಿಸುವುದು ಸಣ್ಣಕತೆಯನ್ನು. ಒಂದು ಗೋಷ್ಠಿಯಲ್ಲಿ ಓದಿ ಮುಗಿಸಬಹುದಾದದ್ದಷ್ಟೇ ಅಲ್ಲಿ ಚರ್ಚೆಗೆ ಬರುತ್ತದೆ. ಹತ್ತು ಮನೆ, ಮೂರು ತಲೆಮಾರು, ನೂರಾರು ಪುಟಗಳ ಭಾರವನ್ನು ಹೊರುವ ಬಗೆ ಹೇಗೆಂಬ ಪ್ರಶ್ನೆಗೆ ಅಲ್ಲಿ ಹೊತ್ತೇ ಸಿಗುವುದಿಲ್ಲ. ಕಥಾಸ್ಪರ್ಧೆಯ ಪದಮಿತಿಯೂ ಇದೇ ಮಿತಿಯನ್ನು ಗಟ್ಟಿಮಾಡುತ್ತದೆ. ಇದಕ್ಕಿಂತ ಹೆಚ್ಚಿನ ತೊಂದರೆ ಅನುಭವ ಬೇರೆ, ತಂತ್ರ ಬೇರೆ ಎಂಬ ವಿಂಗಡಣೆಯದು. ಹಳ್ಳಿಯಿಂದ ಬಂದವರಲ್ಲಿ ಅನುಭವವಿದೆ, ತಂತ್ರವನ್ನು ಹೊರಗಿನಿಂದ ಕೊಡಬೇಕು ಎಂಬ ನಂಬಿಕೆ ಕಮ್ಮಟದ ಮಾತುಗಳಲ್ಲಿ ಹೇಳದೆಯೇ ಕೂತಿರುತ್ತದೆ. ಸೀಮೆಯ ಕಥನವನ್ನು ಬರಿಯ ಕಚ್ಚಾ ಸಾಮಗ್ರಿಯಾಗಿ ನೋಡುವ ಅಭ್ಯಾಸ ಬೆಳೆಯುವುದು ಇಲ್ಲಿಂದಲೇ.

ಪುಸ್ತಕಗಳ ಮಾತು ಬೇರೆ. ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಎಸ್.ಎಲ್. ಭೈರಪ್ಪನವರ ‘ನಾನೇಕೆ ಬರೆಯುತ್ತೇನೆ?’, ಯಶವಂತ ಚಿತ್ತಾಲರ ‘ಸಾಹಿತ್ಯದ ಸಪ್ತಧಾತುಗಳು’ ಇವುಗಳನ್ನು ಓದದೆ ಕಾದಂಬರಿಗೆ ಕೈ ಹಾಕುವವರು ನಷ್ಟಕ್ಕೊಳಗಾಗುತ್ತಾರೆ. ‘ಪರ್ವ’ಕ್ಕಾಗಿ ಭೈರಪ್ಪ ಮಾಡಿಕೊಂಡ ಓದು, ಸುತ್ತಿದ ಊರುಗಳ ವಿವರ ಒಂದು ಕಾದಂಬರಿಯ ಹಿಂದೆ ಎಷ್ಟು ದುಡಿಮೆ ಇರುತ್ತದೆಂದು ತೋರಿಸುತ್ತದೆ. ಜೋಗಿಯವರ ‘ಹಲಗೆ ಬಳಪ’ ಹೊಸಬರ ಕೈ ಹಿಡಿದು ನಡೆಸುತ್ತದೆ. ಇಷ್ಟಾದರೂ ಈ ಪುಸ್ತಕಗಳಲ್ಲಿ ಹೆಚ್ಚಿನವು ಲೇಖಕರ ಮನಸ್ಸನ್ನು ವಿವರಿಸುತ್ತವೆ. ಒಂದು ಸನ್ನಿವೇಶವನ್ನು ಕೇಳುಗರ ಮುಂದೆ ಹೇಗೆ ಹಿಗ್ಗಿಸಬೇಕು, ಎಲ್ಲಿ ತಡೆದು ನಿಲ್ಲಿಸಬೇಕು ಎಂಬ ಕೈಕೆಲಸದ ಬಗ್ಗೆ ಅವು ಹೇಳುವುದು ಕಡಿಮೆ.

ಆ ಕೈಕೆಲಸಕ್ಕೆ ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನು ನೋಡಬೇಕು. ಹಾಡುಗಾರರಿಂದ ಹಾಡುಗಾರರಿಗೆ ವಿವರ ಬದಲಾದರೂ ಅದರ ಗಂಟು ಒಂದೇ. ಜೇನು ತರಲು ಕಾಡಿಗೆ ಹೊರಟ ನೀಲೇಗೌಡ ತಾನಿಲ್ಲದಾಗ ನಡತೆ ತಪ್ಪುವುದಿಲ್ಲವೆಂದು ಬಲಗೈ ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಅವಳನ್ನು ಮಂತ್ರದಿಂದ ಕಟ್ಟಿಹಾಕಿ ಹೋಗುತ್ತಾನೆ. ಮಾದಪ್ಪ ಜಂಗಮನ ವೇಷದಲ್ಲಿ ಬಂದು ಕಟ್ಟು ಬಿಡಿಸುತ್ತಾನೆ. ಮಕ್ಕಳಿಲ್ಲದವಳಿಗೆ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ.

ಹೊಸ ಕತೆಗಾರರ ಕೈಗೆ ಈ ವಸ್ತು ಸಿಕ್ಕರೆ ನಿರಾಕರಣೆ ಕೊನೆಯ ಪುಟಕ್ಕೆ ಹೋಗುತ್ತದೆ. ಹಿಂಸೆಯನ್ನೆಲ್ಲ ಸಹಿಸಿದ ಹೆಂಗಸು ಮುಕ್ತಾಯದಲ್ಲಿ ತಲೆ ಎತ್ತುತ್ತಾಳೆ, ಕತೆ ಅಲ್ಲಿಗೆ ನಿಲ್ಲುತ್ತದೆ. ಸಾಲು ನಿರಾಕರಣೆಯನ್ನು ಮೊದಲಿಗೇ ಇಡುತ್ತದೆ. ಸಂಕಮ್ಮ ತಪ್ಪು ಮಾಡಿದವಳಲ್ಲ, ಮಾಡುವವಳೂ ಅಲ್ಲ. ಭಾಷೆ ಕೊಟ್ಟರೆ ಅವಳು ಸುಳ್ಳು ಹೇಳಿದಂತಾಗುವುದಿಲ್ಲ, ಕಳೆದುಕೊಳ್ಳುವುದೂ ಏನಿಲ್ಲ. ಕೊಟ್ಟು ಮುಗಿಸಬಹುದಾಗಿದ್ದ ಮಾತನ್ನು ಕೊಡದೆ ನಿಲ್ಲುವುದರಿಂದಲೇ ಜಗಳ ಅವಳ ನಡತೆಯಿಂದ ಜಾರಿ, ಹೀಗೆ ಕೇಳುವ ಹಕ್ಕು ಗಂಡನಿಗೆ ಎಲ್ಲಿಂದ ಬಂತು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಹಾಡುಗಾರ ಅವಳ ಮನಸ್ಸಿನೊಳಗೆ ಇಳಿದು ಇದನ್ನು ವಿವರಿಸುವುದಿಲ್ಲ. ಗಂಡ ಹೆಂಡಿರ ಮಾತು-ಮರುಮಾತಿನಲ್ಲೇ ಇದು ಕೇಳುಗರಿಗೆ ತಿಳಿಯಬೇಕು.

ಆ ಮಾತು-ಮರುಮಾತು ಬೆಳೆಯುವ ರೀತಿಯನ್ನು ಇನ್ನಷ್ಟು ಹತ್ತಿರದಿಂದ ಗಮನಿಸಬೇಕು. ಕಾಡಿಗೆ ಹೋಗಬೇಕಾದವನು ಹೊರಟೂ ಹೊರಡದೆ ಮತ್ತೆ ಮತ್ತೆ ಕೇಳುತ್ತಾನೆ. ಅಚ್ಚಿನಲ್ಲಿ ಓದುವವರಿಗೆ ಇದು ಪುನರುಕ್ತಿಯಾಗಿ ಕಾಣುತ್ತದೆ, ಸಂಪಾದಕರ ಕೆಂಪು ಪೆನ್ನಿಗೆ ಮೊದಲು ಸಿಗುವುದೂ ಇದೇ. ಕೇಳುವವರ ನಿಲುವು ಮಾತ್ರ ಪ್ರತಿ ಸಲವೂ ಅಷ್ಟಿಷ್ಟು ಸರಿಯುತ್ತ ಹೋಗುತ್ತದೆ. ಮೊದಲ ಸಲ, ಭಾಷೆ ಕೊಟ್ಟು ಕಳಿಸಬಾರದೆ ಅನಿಸುತ್ತದೆ. ಮುಂದಿನ ಸಲ, ಇಷ್ಟೊಂದು ಒತ್ತಾಯ ಏಕೆ ಅನಿಸುತ್ತದೆ. ಕೊನೆಗೆ ಕೊಡದಿರುವುದೇ ಸರಿ ಎಂಬಲ್ಲಿಗೆ ಕೇಳುಗರು ತಾವಾಗಿಯೇ ಬಂದಿರುತ್ತಾರೆ. ಕಟ್ಟಿಹಾಕುವ ಕ್ರೌರ್ಯ ನಡೆಯುವ ಹೊತ್ತಿಗೆ ಸಭೆ ಪೂರ್ತಿ ಸಂಕಮ್ಮನ ಕಡೆಗಿದೆ. ಕಾದಂಬರಿಯ ಉದ್ದ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ: ಓದುಗರ ತೀರ್ಪು ನಿಧಾನಕ್ಕೆ ತಿರುಗಬೇಕಾದಲ್ಲಿ ಉದ್ದ ಬೇಕಾಗುತ್ತದೆ.

ಇ.ಎಂ. ಫಾರ್ಸ್ಟರ್ 1927ರ ತನ್ನ ಉಪನ್ಯಾಸಗಳಲ್ಲಿ ಬರಿಯ ಕತೆಗೂ ಕಾರಣಗಳಿಂದ ಹೆಣೆದ ಕಥಾನಕಕ್ಕೂ ಗೆರೆ ಎಳೆದದ್ದನ್ನು ಕನ್ನಡ ತರಗತಿಗಳಲ್ಲಿ ಇಂದಿಗೂ ಪಾಠ ಮಾಡುತ್ತಾರೆ. ಜಾನಪದವೆಂದರೆ ‘ಆಮೇಲೆ, ಆಮೇಲೆ’ ಎಂದು ಸಾಗುವ ಬರಿಯ ಕತೆ ಎಂಬ ಗ್ರಹಿಕೆ ಆ ಪಾಠಕ್ಕೆ ಅಂಟಿಕೊಂಡೇ ಬರುತ್ತದೆ. ಸಂಕಮ್ಮನ ಸಾಲಿನ ಕಾರಣಸರಣಿ ಇದನ್ನು ಸುಳ್ಳು ಮಾಡುತ್ತದೆ. ಯಾರೂ ಮನೆಗೆ ಬರಬಾರದೆಂದು ಗಂಡ ಹಾಕಿದ ಕಟ್ಟೇ ಮಾದಪ್ಪನನ್ನು ಆ ಬಾಗಿಲಿಗೆ ಕರೆತರುತ್ತದೆ. ಹೆಂಡತಿಯನ್ನು ಕಾಯಲು ಕೈಗೊಂಡ ಕ್ರಮವೇ, ಅವನಿಲ್ಲದ ಹೊತ್ತಿನಲ್ಲಿ ಅವನಿಗೆ ತಿಳಿಯದ ಸಂಗತಿ ನಡೆಯಲು ಕಾರಣವಾಗುತ್ತದೆ. ಬಿಡಿಸಲು ಬಂದ ದೇವರೂ ಪೂರ್ತಿ ನಿಸ್ವಾರ್ಥಿಯಲ್ಲ. ಅವನಿಗೆ ಒಕ್ಕಲು ಬೇಕು. ಒಳ್ಳೆಯವರು, ಕೆಟ್ಟವರು ಎಂಬ ಎರಡು ಗುಂಪಿಗೆ ಪಾತ್ರಗಳನ್ನು ಹಂಚುವ ಚಟ ಬಿಡಿಸಲು ಈ ಒಂದು ಸಾಲು ಸಾಕು.

ಈ ಬಗೆಯ ಕಥನ ಕಾದಂಬರಿಯ ರಕ್ತಕ್ಕೆ ಇಳಿಯಬಲ್ಲದು ಎಂಬುದಕ್ಕೆ ಸಾಕ್ಷಿ ನೆರೆಯ ನಂಜನಗೂಡು ಸೀಮೆಯದು. 1973ರಲ್ಲಿ ‘ದ್ಯಾವನೂರು’ ಸಂಕಲನ ತಂದ ದೇವನೂರ ಮಹಾದೇವ 1984ರಲ್ಲಿ ‘ಕುಸುಮಬಾಲೆ’ ಪ್ರಕಟಿಸಿದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಜೋತಮ್ಮಗಳು, ಅಂದರೆ ಮನೆಮನೆಯ ದೀಪಗಳು, ರಾತ್ರಿ ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಭಾಗ ಬಹಳ ಹೆಸರಾಗಿದೆ, ಹೆಸರಾದಷ್ಟು ಅರ್ಥವಾಗಿಲ್ಲ. ಕುಸುಮ ಮೇಲ್ಜಾತಿಯ ಮನೆಯವಳು, ಚೆನ್ನ ಹೊಲೆಗೇರಿಯವನು, ಅವನ ಕೊಲೆಯಾಗಿದೆ. ಊರಿನಲ್ಲಿ ಎಲ್ಲವನ್ನೂ ಬಲ್ಲ ಮನುಷ್ಯ ಯಾರೂ ಇಲ್ಲ. ಮೇಲಿನ ಬೀದಿಯ ಒಳಕೋಣೆಗೆ ಕೇರಿಯವರ ಕಣ್ಣು ಹೋಗದು, ಕೇರಿಯ ಗುಡಿಸಲಿನ ಅಳಲು ಬೀದಿಯ ಕಿವಿಗೆ ಬೀಳದು. ಎಲ್ಲವನ್ನೂ ಬಲ್ಲ ಲೇಖಕನ ದನಿಯಲ್ಲಿ ಹೇಳಿದ್ದರೆ ಊರನ್ನು ಸೀಳಿರುವ ಈ ಗೋಡೆಗಳನ್ನೇ ನಿರೂಪಣೆ ಅಳಿಸಿಹಾಕುತ್ತಿತ್ತು. ದೀಪಕ್ಕೆ ತನ್ನ ಮನೆಯಷ್ಟೇ ಗೊತ್ತು, ಅದರಾಚೆಗಿನದು ಗೊತ್ತಿಲ್ಲ. ಆರಿದ ಮೇಲೆ ಅದಕ್ಕೆ ಬಿಡುವು. ಮನುಷ್ಯರು ಕೂಡಿ ಕೂರಲಾಗದ ಊರಿನಲ್ಲಿ ಅವರ ದೀಪಗಳು ಕೂಡಿ ಕೂರುತ್ತವೆ. ಮಿತಿಯುಳ್ಳ ಸಾಕ್ಷಿಗಳನ್ನು ಜೋಡಿಸಿ ಇಡೀ ಊರಿನ ತಿಳಿವನ್ನು ಕಟ್ಟುವ ಈ ಉಪಾಯ ನಿರೂಪಣೆಯ ಕಠಿಣ ಸಮಸ್ಯೆಯೊಂದಕ್ಕೆ ಸಿಕ್ಕ ಪರಿಹಾರ.

ಇದನ್ನು ಮಾಂತ್ರಿಕ ವಾಸ್ತವವಾದ ಎಂದು ಕರೆದು ಮುಂದೆ ಸಾಗಿದ ವಿಮರ್ಶಕರು ಕಲಿಯುವವರಿಗೆ ದೊಡ್ಡ ಅಪಕಾರ ಮಾಡಿದ್ದಾರೆ. ಮಾರ್ಕ್ವೆಜ್‌ಗೆ ನೊಬೆಲ್ ಬಂದದ್ದು 1982ರಲ್ಲಿ, ‘ಕುಸುಮಬಾಲೆ’ ಬಂದದ್ದು ಎರಡು ವರ್ಷಕ್ಕೆ. ಈ ಹತ್ತಿರದ ಇಸವಿಗಳೇ ಹೋಲಿಕೆಗೆ ಬಲ ಕೊಟ್ಟಂತಿದೆ. ಆದರೆ ದೀಪಗಳು ಗುಡಿಯಲ್ಲಿ ಸೇರಿ ಮಾತಾಡಿಕೊಳ್ಳುವ ಕನ್ನಡ ಜನಪದ ಕತೆ ಎ.ಕೆ. ರಾಮಾನುಜನ್ ಅವರ ಸಂಗ್ರಹದಲ್ಲೇ ಇದೆ. ಕತೆ, ಹಾಡು ಎರಡೂ ಗೊತ್ತಿದ್ದು ಯಾರಿಗೂ ಹೇಳದ ಹೆಂಗಸೊಬ್ಬಳ ಕತೆ ಅದು. ಹೇಳದೆ ಉಳಿದ ಅವು ಕೆರವೂ ಅಂಗಿಯೂ ಆಗಿ ಮನೆಯಲ್ಲಿ ಜಗಳ ಹಚ್ಚುತ್ತವೆ. ಮುನಿದು ಹೋಗಿ ಗುಡಿಯಲ್ಲಿ ಮಲಗಿದ ಗಂಡನಿಗೆ ನಿಜ ತಿಳಿಯುವುದು ದೀಪಗಳ ಮಾತಿನಿಂದ. ಅಲ್ಲಿ ಒಂದು ಸಂಸಾರದ ಗುಟ್ಟನ್ನು ಬಿಡಿಸಿದ ಉಪಾಯಕ್ಕೆ ಮಹಾದೇವ ಜಾತಿಯಿಂದ ಒಡೆದ ಊರಿನ ಗುಟ್ಟನ್ನು ಹೊರಿಸಿದರು. ಕಲಿಯಬೇಕಾದದ್ದು ಈ ಹಿಗ್ಗಿಸುವಿಕೆಯನ್ನು. ಮಾರ್ಕ್ವೆಜ್‌ನ ಕಾದಂಬರಿಯ ಊರಾದ ಮಾಕೊಂಡೋದ ಹೆಸರು ಹೇಳಿದಾಗ ದೀಪದ ಮಾತು ಬೆರಗಿನ ಅಲಂಕಾರವಾಗಿ ಉಳಿಯುತ್ತದೆ, ಅನುಕರಿಸಹೊರಟವರು ಗಡಿಗೆ, ಒನಕೆಗಳಿಗೆಲ್ಲ ಸುಮ್ಮನೆ ಮಾತು ಬರಿಸುತ್ತಾರೆ. ‘ಕುಸುಮಬಾಲೆ’ಯನ್ನು ಮೊದಲು ಕನ್ನಡಕ್ಕೆ ಅನುವಾದಿಸಬೇಕು ಎಂದು ಆ ಕಾಲದಲ್ಲಿ ಓಡಾಡಿದ ಮಾತು ಇನ್ನೊಂದು ಬಗೆಯ ಅಪಕಾರ. ಕಾದಂಬರಿಗೆ ತಕ್ಕ ಕನ್ನಡ ಯಾವುದೆಂದು ಮೊದಲೇ ಗೊತ್ತುಮಾಡಿಕೊಂಡವರ ಮಾತು ಅದು. ಕೊಳ್ಳೇಗಾಲ, ಯಳಂದೂರಿನ ಎಷ್ಟೋ ಮಂದಿ ತಮ್ಮ ಮನೆಮಾತನ್ನು ಸಂಭಾಷಣೆಯ ಉದ್ಧರಣ ಚಿಹ್ನೆಗಳೊಳಗಷ್ಟೇ ಬಿಟ್ಟುಕೊಂಡು, ಉಳಿದದ್ದನ್ನು ಪಠ್ಯಪುಸ್ತಕದ ಭಾಷೆಗೆ ಒಪ್ಪಿಸುವುದರ ಹಿಂದೆ ಈ ಅಳುಕಿದೆ.

ಜಾನಪದ ವಿದ್ವಾಂಸರೂ ಹೊಣೆಯಿಂದ ಪಾರಾಗಲಾರರು. ಅವರ ದುಡಿಮೆ ದೊಡ್ಡದು: ಜೀ.ಶಂ. ಪರಮಶಿವಯ್ಯನವರು ದಾರಿ ಮಾಡಿಕೊಟ್ಟರು, ಪಿ.ಕೆ. ರಾಜಶೇಖರ 1973ರಲ್ಲಿ ಮಾದೇಶ್ವರ ಕಾವ್ಯವನ್ನು ಅಚ್ಚಿಗೆ ತಂದರು, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿ 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದರು. ಆದರೆ ಮುನ್ನುಡಿಗಳು ಪಂಥ, ಕುಲ, ಆಚರಣೆ, ಐತಿಹಾಸಿಕ ಕಾಲಗಳ ಸುತ್ತಲೇ ಸುತ್ತುತ್ತವೆ. ಹಾಡುಗಾರ ಇಲ್ಲೇಕೆ ತಡೆದ, ಅಲ್ಲೇಕೆ ಹಾರಿದ ಎಂದು ಕಲೆಗಾರನನ್ನು ಕೇಳುವಂತೆ ಅವನನ್ನು ಕೇಳಿದ ಪುಟಗಳು ವಿರಳ. ಯುಗೋಸ್ಲಾವಿಯದ ಹಾಡುಗಾರರನ್ನು ಅಭ್ಯಸಿಸಿದ ಆಲ್ಬರ್ಟ್ ಲಾರ್ಡ್ 1960ರ ತನ್ನ ಪುಸ್ತಕದಲ್ಲಿ ಅವರ ಕಲಿಕೆಯ ಮೂರು ಹಂತಗಳನ್ನು ಬಿಡಿಸಿಟ್ಟ: ಮೊದಲು ಬರಿದೆ ಕೇಳುವುದು, ಆಮೇಲೆ ಒಂಟಿಯಾಗಿ ಹಾಡಿ ಪಳಗುವುದು, ಕೊನೆಗೆ ಕೇಳುಗರೆದುರು ಪೂರ್ತಿ ಕತೆ ನಡೆಸುವುದು. ದೇವರಗುಡ್ಡರ, ನೀಲಗಾರರ ಕಲಿಕೆಯನ್ನು ಇಷ್ಟೇ ಶ್ರದ್ಧೆಯಿಂದ ಬಿಡಿಸಿಟ್ಟರೆ ಅದು ಕಾದಂಬರಿಕಾರರ ಕೈಪಿಡಿಯೇ ಆದೀತು.

ಸಾಲುಗಳಿಗೂ ಮಿತಿಯಿದೆ. ಇಸವಿ, ದಾಖಲೆ, ಕಚೇರಿ, ಪತ್ರಗಳ ಲೋಕವನ್ನು ಅವು ಕಲಿಸವು. ಬಾಯಿಬಿಟ್ಟು ಆಡದ ಮನಸ್ಸಿನ ಒಳತೋಟಿಗೆ ಚಿತ್ತಾಲರ ಬಳಿಗೆ, ಬದುಕಿನ ವಿವರಗಳ ದಟ್ಟಣೆಗೆ ಕಾರಂತರ ಬಳಿಗೆ ಹೋಗಲೇಬೇಕು. ಅಚ್ಚಾದ ಪಾಠದಲ್ಲಿ ಹಾಡುಗಾರರ ಉಸಿರು, ಹಿಮ್ಮೇಳದ ಒತ್ತು ಉಳಿಯುವುದಿಲ್ಲ. ಮಾದಪ್ಪನ ಬೆಟ್ಟದಲ್ಲೋ, ಚಿಕ್ಕಲ್ಲೂರ ಜಾತ್ರೆಯಲ್ಲೋ ಕೂತು ಕೇಳಿ, ಒಂದು ಸಾಲನ್ನಾದರೂ ಕೈಯಾರೆ ಬರೆದಿಳಿಸಿಕೊಂಡವರಿಗೆ ಅಚ್ಚಿನ ಪಾಠ ಬೇರೆಯಾಗಿಯೇ ಕಾಣುತ್ತದೆ. ಕಮ್ಮಟಗಳಲ್ಲಿ ಈಗ ಕಂಸಾಳೆಗೆ ಸಿಗುವ ಜಾಗ ಉದ್ಘಾಟನೆಯ ಮೆರವಣಿಗೆಯದು, ಇಲ್ಲವೇ ರಾತ್ರಿಯ ಮನರಂಜನೆಯದು. ಕೊಳ್ಳೇಗಾಲದಲ್ಲೋ ಯಳಂದೂರಿನಲ್ಲೋ ನಡೆಯುವ ಕಮ್ಮಟ ಒಬ್ಬ ಹಿರಿಯ ಹಾಡುಗಾರನನ್ನು ಸಂಪನ್ಮೂಲ ವ್ಯಕ್ತಿಯಾಗಿಯೇ ಕರೆದು, ಉಳಿದವರಿಗೆ ಕೊಡುವಷ್ಟೇ ಗೌರವಧನ ಕೊಟ್ಟು, ಸಂಕಮ್ಮನ ಸಾಲನ್ನು ನಡುನಡುವೆ ನಿಲ್ಲಿಸಿ ನಿಲ್ಲಿಸಿ ಕೇಳುವ ಒಂದು ಇಡೀ ದಿನವನ್ನು ಇಟ್ಟುಕೊಳ್ಳಬೇಕು.