ಜಾಫ್ನಾದ ಓಲೆಗರಿಗಳು

ಸುಟ್ಟ ಮನೆಯನ್ನು ಮತ್ತೆ ಕಟ್ಟಬಹುದು, ಪುಸ್ತಕವನ್ನೂ ಮತ್ತೆ ಅಚ್ಚುಹಾಕಿಸಬಹುದು ಎಂದು ಸಮಾಧಾನ ಹೇಳುವವರುಂಟು. ಈ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಶ್ರೀಲಂಕೆಯ ಜಾಫ್ನಾ ನಗರದ ಗ್ರಂಥಭಂಡಾರವನ್ನು ಮುಂದಿಟ್ಟುಕೊಂಡು ಪರೀಕ್ಷಿಸೋಣ. 1981ನೆಯ ಮೇ ತಿಂಗಳ ಕೊನೆಗೆ, ಚುನಾವಣೆಯ ಸಭೆಯೊಂದರಲ್ಲಿ ಪೋಲೀಸಿನವರ ಕೊಲೆಯಾಗಿ ಅಲ್ಲಿ ಗಲಭೆಯೆದ್ದಿತು. ಕಾಯಬೇಕಾದ ಪೋಲೀಸಿನವರೇ ಕಿಚ್ಚಿಟ್ಟವರಲ್ಲಿ ಸೇರಿದ್ದರು. ಪೇಟೆಯ ಪುಸ್ತಕದಂಗಡಿಯೂ ಪತ್ರಿಕಾಲಯವೂ ಉರಿದುವು. ಭಂಡಾರದ ಸುಮಾರು 97,000 ಗ್ರಂಥಗಳು ಬೂದಿಯಾದುವು.

ಬರಿಯ ಸಂಖ್ಯೆಯನ್ನೆಣಿಸಿ ಮರುಗಿದರೆ ನಷ್ಟದ ಬೆಲೆ ತಿಳಿಯದು. ಅಚ್ಚಿನ ಪ್ರತಿ ಹೋದರೆ ಬೇರೊಂದೂರಿನಿಂದ ತರಿಸಬಹುದು, ನಿಜ. ಆದರೆ ಅಲ್ಲಿ ಓಲೆಗರಿಗಳಿದ್ದುವು. ಒಂದು ಓಲೆಯ ಪ್ರತಿ ಇನ್ನೊಂದರಂತಿರುವುದಿಲ್ಲ. ಲಿಪಿಕಾರನ ಕೈತಪ್ಪು, ಬಿಟ್ಟ ಪದ್ಯ, ಬೇರೆಯ ಪಾಠ, ಇವನ್ನೆಲ್ಲ ಹೋಲಿಸಿ ನೋಡಿಯೇ ಶುದ್ಧಪಾಠವನ್ನು ನಿರ್ಣಯಿಸಬೇಕು. ನಮ್ಮ ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದವರು ಈ ಕಷ್ಟವನ್ನು ಬಲ್ಲರು. ಕೃತಿಯು ಮೊದಲೇ ಅಚ್ಚಾಗಿದ್ದರೂ, ಓಲೆ ಸುಟ್ಟ ಮೇಲೆ ಅಚ್ಚಿನ ತಪ್ಪನ್ನು ತೋರಿಸಲು ಸಾಕ್ಷಿಯೇ ಉಳಿಯದು.

ಕಟ್ಟಡವನ್ನೇನೋ ಮತ್ತೆ ಕಟ್ಟಿರುವರು. 2016ರಲ್ಲಿ ಅಂದಿನ ಪ್ರಧಾನಿ ರನಿಲ್ ವಿಕ್ರಮಸಿಂಘೆಯವರು ಕ್ಷಮೆಯನ್ನೂ ಕೇಳಿದರು. ಅದು ಸಣ್ಣ ಮಾತಲ್ಲ. ಕಪಾಟುಗಳಿಗೆ ಅಚ್ಚಿನ ಪುಸ್ತಕಗಳು ಬಂದಿವೆ. ಓಲೆಯ ಕಟ್ಟುಗಳಿದ್ದ ಎಡೆಗೆ ತರಿಸುವುದೇನನ್ನು?