ಲಿಪಿಕಾರನ ಹೊಣೆ

ಶಾಲೆಗಳ ವಿಚಾರವಾಗಿ ನಡೆಯುವ ಮಾತುಕತೆಗಳಲ್ಲಿ ಈಚೆಗೆ ‘ಡಿಜಿಟಲ್ ಪೌರತ್ವ’ ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಮಾತು ಹೊಸದು, ಅದರ ಹಿಂದಿನ ಆಸೆ ಮಾತ್ರ ಹಳೆಯದು. ನಮ್ಮ ತಂದೆತಾಯಿಗಳ ಕಾಲದ ಶಾಲೆಗಳಲ್ಲಿ ‘ಪೌರನೀತಿ’ ಎಂಬ ಪಾಠವೊಂದಿತ್ತು. ರಸ್ತೆಯ ಎಡಗಡೆಯಲ್ಲಿ ನಡೆಯಬೇಕು, ಕಸವನ್ನು ತೊಟ್ಟಿಗೆ ಹಾಕಬೇಕು, ಓಟನ್ನು ಮಾರಿಕೊಳ್ಳಬಾರದು ಎಂಬುದನ್ನೆಲ್ಲ ಹುಡುಗರು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ, ಶಾಲೆಯ ಬಾಗಿಲು ದಾಟುತ್ತಲೇ ಮರೆಯುತ್ತಿದ್ದರು. ಹೊಸ ಪಾಠವೂ ಅದೇ ಜಾಡು ಹಿಡಿದೀತೇ ಎಂಬ ಶಂಕೆಯೇ ಈ ಬರಹಕ್ಕೆ ಪ್ರೇರಣೆ.

೨೦೨೦ರಲ್ಲಿ ಶಾಲೆಗಳು ಮುಚ್ಚಿ, ಮೊಬೈಲ್ ಫೋನೇ ಕರಿಹಲಗೆಯಾಯಿತು. ಅದೇ ವರ್ಷ ಸಿಬಿಎಸ್‌ಇ ಮಂಡಳಿಯು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗಾಗಿ ಸೈಬರ್ ಸುರಕ್ಷತೆಯ ಕೈಪಿಡಿಯೊಂದನ್ನು ಹೊರತಂದಿತು. ಇಂಥ ಕೈಪಿಡಿಗಳಲ್ಲಿ ಹಕ್ಕು ಹೊಣೆಗಳ ಪ್ರಸ್ತಾಪ ಇಲ್ಲದಿಲ್ಲ. ಆದರೆ ಅವು ತರಗತಿಗೆ ಇಳಿಯುವ ಹೊತ್ತಿಗೆ ಸಾಮಾನ್ಯವಾಗಿ ಉಳಿಯುವುದು ನಿಷೇಧಗಳ ಒಂದು ಪಟ್ಟಿ: ಪಾಸ್‌ವರ್ಡನ್ನು ಯಾರಿಗೂ ಹೇಳಬೇಡ, ಅಪರಿಚಿತರ ಸ್ನೇಹ ಬೇಡ, ನಿನ್ನ ಭಾವಚಿತ್ರ ಹಾಕಬೇಡ. ಇವು ಬೇಡವಾದ ಮಾತುಗಳೆಂದು ನಾನು ಹೇಳುತ್ತಿಲ್ಲ. ಮಗುವನ್ನು ಮೋಸಗಾರರಿಂದ ಕಾಪಾಡುವುದು ದೊಡ್ಡವರ ಕರ್ತವ್ಯವೇ ಸರಿ. ಆದರೆ ಇಲ್ಲಿ ಮಗು ಮೋಸಹೋಗಬಹುದಾದ ಒಂದು ಜೀವ ಮಾತ್ರ. ತಾನೇ ಏನನ್ನಾದರೂ ಮಾಡಬಲ್ಲ, ಮಾಡಿ ಇನ್ನೊಬ್ಬರಿಗೆ ಕೇಡು ತರಬಲ್ಲ ವ್ಯಕ್ತಿಯಲ್ಲ. ಕಳ್ಳರಿದ್ದಾರೆ ಎಚ್ಚರಿಕೆ ಎನ್ನುವುದು ಪೊಲೀಸರ ಫಲಕ; ಅದನ್ನೇ ಪೌರತ್ವವೆಂದು ಕರೆಯುವುದು ಹೇಗೆ?

ಈ ಕೊರತೆ ಎಷ್ಟು ದುಬಾರಿಯೆಂಬುದನ್ನು ನಮ್ಮ ನಾಡೇ ಕಂಡಿದೆ. ೨೦೧೬ರಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದು ಒಂದು ಚಿಕ್ಕ ಚಿತ್ರವನ್ನು ತಯಾರಿಸಿತು. ಬೀದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಮೋಟಾರ್ ಸೈಕಲ್ ಮೇಲೆ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಒಡನೆಯೇ ತಿರುಗಿ ಬಂದು, ಮಗುವನ್ನು ಇಳಿಸಿ, ಫಲಕವೊಂದನ್ನು ಎತ್ತಿ ತೋರಿಸುತ್ತಾರೆ: ಮಗುವನ್ನು ಕದಿಯಲು ಒಂದು ಗಳಿಗೆ ಸಾಕು, ಎಚ್ಚರವಾಗಿರಿ ಎಂಬುದು ಅದರ ತಾತ್ಪರ್ಯ. ಯಾರೋ ಪುಣ್ಯಾತ್ಮರು ಈ ಕೊನೆಯನ್ನು ಕತ್ತರಿಸಿ ತೆಗೆದರು. ಉಳಿದ ತುಂಡು, ಮಕ್ಕಳ ಕಳ್ಳರು ನಮ್ಮ ಊರಿಗೇ ಬಂದಿದ್ದಾರೆ ಎಂಬ ಒಕ್ಕಣೆಯನ್ನು ಹೊತ್ತು, ೨೦೧೮ರ ಹೊತ್ತಿಗೆ ವಾಟ್ಸಾಪ್ ಮೂಲಕ ನಮ್ಮ ದೇಶದಲ್ಲೆಲ್ಲ ಹರಿದಾಡಿತು.

ಇಂಥ ವದಂತಿಗಳ ನಡುವೆ ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ ೧೩ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನ ಕಡೆಯಿಂದ ಬಂದಿದ್ದ ಗೆಳೆಯರ ಗುಂಪೊಂದು ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿತು. ಅಷ್ಟೇ ಅವರ ಅಪರಾಧ. ಹೆದರಿ ಕಾರಿನಲ್ಲಿ ಹೊರಟವರಿಗಿಂತ ಮುಂಚೆಯೇ ಸಂದೇಶ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ದಾರಿ ಕಟ್ಟಿ ನಿಂತಿದ್ದ ಜನರ ಕೈಗೆ ಸಿಕ್ಕಿ ಅವರಲ್ಲೊಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು.

ಆ ಸಂದೇಶಗಳನ್ನು ಮುಂದೆ ಕಳುಹಿಸಿದವರ ಪಾಸ್‌ವರ್ಡನ್ನು ಯಾರೂ ಕದ್ದಿರಲಿಲ್ಲ. ಅಪರಿಚಿತರು ಅವರನ್ನು ಪುಸಲಾಯಿಸಲೂ ಇಲ್ಲ. ನಿಷೇಧಗಳ ಪಟ್ಟಿಯ ಪ್ರಕಾರ ಅವರೆಲ್ಲರೂ ಸುರಕ್ಷಿತರು. ಅವರು ತಪ್ಪಿದ್ದು ಓದಿನಲ್ಲಿ. ಕರಾಚಿಯ ಚಿತ್ರದಲ್ಲಿ ಸುಳ್ಳು ಇದ್ದದ್ದು ದೃಶ್ಯದಲ್ಲಲ್ಲ, ಕತ್ತರಿಯಲ್ಲಿ. ಕನ್ನಡ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆ ಓದಿದವರಿಗೆ ಇದು ಪರಿಚಿತವಾದ ಸಂಗತಿ. ಕೊನೆಯ ಗರಿ ಕಳೆದುಹೋದ ಓಲೆಯ ಪ್ರತಿ ಕೈಗೆ ಬಂದರೆ, ಇದು ತ್ರುಟಿತ ಪ್ರತಿ ಎಂದು ಮೊದಲು ಗುರುತು ಮಾಡಿಕೊಳ್ಳುತ್ತೇವೆ. ಇನ್ನೊಂದು ಪ್ರತಿ ಎಲ್ಲಾದರೂ ಉಂಟೇ ಎಂದು ಹುಡುಕುತ್ತೇವೆ. ಬರೆದವನು ಯಾರು, ಯಾವ ಮೂಲವನ್ನು ನೋಡಿ ಬರೆದ, ನಡುವೆ ತನ್ನದೇನನ್ನು ಸೇರಿಸಿದ ಎಂದು ಕೇಳುತ್ತೇವೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (೧೯೬೪) ಈ ವಿವೇಕವನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟ ಪುಸ್ತಕ. ಈ ಮೂರು ಪ್ರಶ್ನೆಗಳು ಹತ್ತು ವರ್ಷದ ಹುಡುಗನಿಗೆ ಅರ್ಥವಾಗದಷ್ಟು ಕಠಿಣವೇನಲ್ಲ. ಅವನ್ನು ನಾವು ಪಂಡಿತರ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದೇವೆ, ಅಷ್ಟೆ.

ಬೀಗ ಹಾಕಿದವರೂ ಅದನ್ನು ಪಾಲಿಸುತ್ತಾರೆಂದಲ್ಲ. ಒಂದು ರಾಜ್ಯೋತ್ಸವದ ದಿನ ನಮ್ಮ ಹಿರಿಯ ಕವಿಯೊಬ್ಬರ ಹೆಸರಿನಲ್ಲಿ ಬಂದ ಎಂಟು ಸಾಲುಗಳನ್ನು ನಾನು ಹಿಗ್ಗಿನಿಂದ ವಿದ್ಯಾರ್ಥಿಗಳ ಗುಂಪಿಗೆ ಫಾರ್ವರ್ಡ್ ಮಾಡಿದೆ. ಮರುದಿನ ಹುಡುಗಿಯೊಬ್ಬಳು ಬಂದು, “ಸಾರ್, ಇದು ಯಾವ ಸಂಕಲನದಲ್ಲಿದೆ?” ಎಂದು ವಿನಯದಿಂದಲೇ ಕೇಳಿದಳು. ಎರಡು ದಿನ ಹುಡುಕಿದೆ. ಯಾವ ಸಂಕಲನದಲ್ಲಿಯೂ ಸಿಗಲಿಲ್ಲ. ಕೊನೆಗೆ ಪ್ರಾಸವನ್ನು ಮತ್ತೊಮ್ಮೆ ನೋಡಿದೆ. ಆ ಕವಿ ಅಂಥ ಸಡಿಲ ಸಾಲುಗಳನ್ನು ಬರೆಯುವವರೇ ಅಲ್ಲವೆಂಬುದು ಮೊದಲ ಓದಿಗೇ ನನಗೆ ಹೊಳೆಯಬೇಕಾಗಿತ್ತು. ತಪ್ಪನ್ನು ಅದೇ ಗುಂಪಿನಲ್ಲಿ ಒಪ್ಪಿಕೊಂಡೆ. ಇಪ್ಪತ್ತು ವರ್ಷ ಕಾವ್ಯ ಪಾಠ ಮಾಡಿದವನು ಒಂದು ಗಳಿಗೆಯಲ್ಲಿ ಮರೆತದ್ದನ್ನು ಆ ಹುಡುಗಿ ಮರೆತಿರಲಿಲ್ಲ. ಅವಳ ಪ್ರಶ್ನೆಯಲ್ಲಿ ನಾನು ಕಂಡ ಪೌರತ್ವ ಯಾವ ಕೈಪಿಡಿಯಲ್ಲಿಯೂ ಕಂಡಿಲ್ಲ.

ಮಿತಿ ಹಾಕಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಹಾಕಿ ನೋಡಿದ್ದಾಗಿದೆ. ೨೦೧೨ರ ಆಗಸ್ಟಿನಲ್ಲಿ ವದಂತಿಗೆ ಬೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದಾಗ, ಸರ್ಕಾರ ಐದಕ್ಕಿಂತ ಹೆಚ್ಚು ಸಗಟು ಎಸ್ಸೆಮ್ಮೆಸ್ ಕಳುಹಿಸದಂತೆ ಹದಿನೈದು ದಿನಗಳ ನಿರ್ಬಂಧ ಹೇರಿತು. ೨೦೧೮ರ ಜುಲೈಯಲ್ಲಿ ವಾಟ್ಸಾಪ್ ಸಂಸ್ಥೆ ಫಾರ್ವರ್ಡ್ ಆದ ಸಂದೇಶಕ್ಕೆ ಗುರುತು ಹಚ್ಚಿ, ಭಾರತದಲ್ಲಿ ಒಮ್ಮೆಗೆ ಐದೇ ಕಡೆಗೆ ಎಂದು ಕಟ್ಟು ಹಾಕಿತು. ಸರ್ಕಾರವೂ ಕಂಪನಿಯೂ ಎಣಿಸಿದವು. ಎಣಿಕೆ ವೇಗವನ್ನು ತಗ್ಗಿಸೀತು. ಆದರೆ ಐದು ಜನಕ್ಕೆ ಕಳುಹಿಸಿದ ಸುಳ್ಳೂ ಸುಳ್ಳೇ. ಎಣಿಸಲಾರದ ಕೆಲಸವೊಂದು ಶಾಲೆಯ ಪಾಲಿಗೆ ಉಳಿಯುತ್ತದೆ.

ಆ ಕೆಲಸಕ್ಕೆ ಕೈಹಾಕಿದವರಿದ್ದಾರೆ. ನಮ್ಮ ಕೊಡಗಿಗೆ ಅಂಟಿಕೊಂಡಿರುವ ಕೇರಳದ ಕಣ್ಣೂರು ಜಿಲ್ಲೆಯಲ್ಲಿ ೨೦೧೮ರಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಿಂದ ಸುಮಾರು ೧೫೦ ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠ ನಡೆಯಿತು. ಲಸಿಕೆಯ ಬಗ್ಗೆ ಹಬ್ಬಿದ ವದಂತಿಗೆ ತಂದೆತಾಯಿಗಳು ಬೆದರಿದ್ದನ್ನು ಕಂಡ ಜಿಲ್ಲಾಡಳಿತ ಮಕ್ಕಳ ಮೂಲಕ ಮನೆಯನ್ನು ಮುಟ್ಟಲು ಹೊರಟದ್ದು ಮೆಚ್ಚತಕ್ಕದ್ದು. ಫಿನ್ಲೆಂಡ್ ದೇಶ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ೨೦೧೬ರಿಂದ ಜಾರಿಯಲ್ಲಿರುವ ಅಲ್ಲಿನ ಪಠ್ಯಕ್ರಮದಲ್ಲಿ ಬರಹ, ಚಿತ್ರ, ಅಂಕಿಅಂಶ ಎಲ್ಲವನ್ನೂ ವಿವೇಚಿಸಿ ಓದುವ ಶಕ್ತಿಗೆ ಪ್ರತ್ಯೇಕ ಪಿರಿಯಡ್ ಇಲ್ಲ. ಅದು ಎಲ್ಲ ವಿಷಯಗಳಲ್ಲೂ ಬೆರೆತಿದೆ. ನನಗೆ ಈ ಎರಡನೆಯ ದಾರಿಯೇ ಸರಿಯೆನಿಸುತ್ತದೆ. ಬೇರೆ ಪಿರಿಯಡ್ ಕೊಟ್ಟರೆ ಅದು ಮತ್ತೊಂದು ಪೌರನೀತಿಯಾಗಿ, ಗಂಟೆ ಹೊಡೆದೊಡನೆ ಮುಗಿಯುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಹೀಗೆ ಎಲ್ಲವನ್ನೂ ಪ್ರಶ್ನಿಸಲು ಕಲಿತ ಮಗು ಕೊನೆಗೆ ಯಾವುದನ್ನೂ ನಂಬದ ಸಿನಿಕನಾಗುವುದಿಲ್ಲವೆ? ಕಣ್ಣಿಗೆ ಕಟ್ಟುವ ಚಿತ್ರವನ್ನೂ ಕಿವಿಗೆ ಪರಿಚಿತವಾದ ಧ್ವನಿಯನ್ನೂ ಯಂತ್ರವೇ ಹುಟ್ಟಿಸಬಲ್ಲ ಈ ಕಾಲದಲ್ಲಿ ಭಯ ನಿರಾಧಾರವಲ್ಲ. ಆದರೆ ಒಂದು ಪ್ರತಿಯಲ್ಲಿ ತಪ್ಪಿದೆಯೆಂದು ಸಂಪಾದಕ ಕಾವ್ಯವನ್ನೇ ಕೈಬಿಡುವುದಿಲ್ಲ. ಪ್ರತಿಗಳನ್ನು ಹೋಲಿಸಿ, ಯಾವುದಕ್ಕೆ ಎಷ್ಟು ಬೆಲೆಯೆಂದು ತೂಗಿ, ಒಂದು ಪಾಠವನ್ನು ಒಪ್ಪಿಕೊಳ್ಳುತ್ತಾನೆ. ಇನ್ನೂ ಒಳ್ಳೆಯ ಪ್ರತಿ ಸಿಕ್ಕಿದರೆ ತಿದ್ದಿಕೊಳ್ಳಲು ಸಿದ್ಧನಿರುತ್ತಾನೆ. ಎಲ್ಲವನ್ನೂ ನಂಬುವವನಿಗೂ ಯಾವುದನ್ನೂ ನಂಬದವನಿಗೂ ಸಮಾನವಾದದ್ದು ಒಂದೇ: ಇಬ್ಬರಿಗೂ ಓದುವ ಶ್ರಮ ಬೇಡ.

ಆದುದರಿಂದ ಈ ಪಾಠ ಕಂಪ್ಯೂಟರ್ ಕೋಣೆಗಿಂತ ಹೆಚ್ಚಾಗಿ ಕನ್ನಡ ತರಗತಿಗೆ ಸೇರಿದ್ದು. ಅದಕ್ಕೆ ಹೊಸ ಪುಸ್ತಕವಾಗಲಿ ದುಬಾರಿ ಉಪಕರಣವಾಗಲಿ ಬೇಕಾಗಿಲ್ಲ. ವಾರಕ್ಕೊಮ್ಮೆ, ಮನೆಯವರ ಫೋನಿಗೆ ಬಂದ ಒಂದು ಸಂದೇಶವನ್ನು ಮಕ್ಕಳು ಹಲಗೆಯ ಮೇಲೆ ಬರೆಯಲಿ. ಹೇಳುತ್ತಿರುವವರು ಯಾರು, ಅವರಿಗೆ ಹೇಗೆ ಗೊತ್ತು, ಇದರ ಮೊದಲು ಕೊನೆಗಳೆಲ್ಲಿ, ಇದು ತಪ್ಪಾದರೆ ಪೆಟ್ಟು ಯಾರಿಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ನಾಲ್ಕನೆಯದು ಶಾಸ್ತ್ರದ ಪ್ರಶ್ನೆಯಲ್ಲ, ಮನುಷ್ಯತ್ವದ ಪ್ರಶ್ನೆ.

ನಮ್ಮ ಹಳೆಯ ಲಿಪಿಕಾರರಲ್ಲಿ ಅನೇಕರು ಓಲೆಯ ಕೊನೆಯಲ್ಲಿ ತಮ್ಮ ಹೆಸರು ಬರೆದು, ಬೆನ್ನು ಬಾಗಿಸಿ ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುತ್ತಿದ್ದರು. ಇಂದು ಫೋನು ಹಿಡಿದ ಪ್ರತಿಯೊಬ್ಬರೂ ಲಿಪಿಕಾರರೇ. ಬೆರಳ ತುದಿಯ ಒಂದು ಒತ್ತಿನಲ್ಲಿ ನೂರು ಪ್ರತಿ ತೆಗೆಯಬಲ್ಲರು. ಆದರೆ ಬೆನ್ನು ಬಾಗುವುದಿಲ್ಲ, ಹೆಸರೂ ಉಳಿಯುವುದಿಲ್ಲ. ಕೈ ಹಗುರವಾದಷ್ಟೂ ಹೊಣೆ ಭಾರವಾಗಿದೆಯೆಂಬುದನ್ನು ಮಕ್ಕಳಿಗೆ ಕಲಿಸುವುದಕ್ಕೆ ಮೊದಲು ಮೇಷ್ಟರುಗಳಾದ ನಾವು ಕಲಿತರೆ, ಪಾಠದ ಅರ್ಧ ಮುಗಿದಂತೆಯೇ.