ಬೇಟೆಯ ಬರಹವೂ ಕಾಡಿನ ಚರಿತ್ರೆಯೂ: ಆಕರವಿಮರ್ಶೆಯ ಕೆಲವು ಪ್ರಶ್ನೆಗಳು

1

ಅಳಿಯುತ್ತಿರುವ ವನ್ಯಜೀವಿಗಳನ್ನೂ ಅವುಗಳ ನೆಲೆಗಳನ್ನೂ ಕಾಪಾಡಬೇಕೆಂಬ ಮಾತಿಗೆ ಇಂದು ವಿರೋಧ ಹೇಳುವವರು ವಿರಳ. ಆದರೆ ಯಾವ ಪ್ರಾಣಿಯನ್ನು, ಯಾವ ನೆಲದಲ್ಲಿ, ಯಾರ ಹೊಣೆಯಲ್ಲಿ ಕಾಪಾಡಬೇಕೆಂದು ಕೇಳಿದೊಡನೆ ಅಭಿಪ್ರಾಯಭೇದಗಳು ತಲೆದೋರುತ್ತವೆ. ಆ ಭೇದಗಳ ಬುಡದಲ್ಲಿ ಬಹುಮಟ್ಟಿಗೆ ಒಂದು ಚಾರಿತ್ರಿಕ ಪ್ರಶ್ನೆ ಅಡಗಿರುತ್ತದೆ: ಹಿಂದೆ ಇಲ್ಲಿ ಏನಿತ್ತು? ಪ್ರಾಣಿಶಾಸ್ತ್ರಜ್ಞರು ಇಂದಿರುವುದನ್ನು ಎಣಿಸಬಲ್ಲರು. ಕಳೆದ ಕೆಲವು ಶತಮಾನಗಳ ಮಾತು ಬಂದಾಗ ಅವರೂ ಬಹುವಾಗಿ ಹಳೆಯ ಬರಹಗಳ ಮೊರೆಹೊಗುತ್ತಾರೆ. ಆ ಬರಹಗಳಲ್ಲಿ ಹೆಚ್ಚಿನವು ಬೇಟೆಗೆ ಸಂಬಂಧಿಸಿದವು. ಶಾಸನ, ಐತಿಹ್ಯ, ಶಿಕಾರಿಯ ಗ್ರಂಥ ಇವುಗಳಲ್ಲಿ ಪ್ರಾಣಿ ಸಾಮಾನ್ಯವಾಗಿ ಮನುಷ್ಯನೊಡನೆ ಕಾದುವ ಅಥವಾ ಅವನ ಕೈಯಲ್ಲಿ ಸಾಯುವ ಗಳಿಗೆಯಲ್ಲಿಯೇ ಕಾಣಿಸಿಕೊಳ್ಳುತ್ತದೆ. ಇಂಥ ಆಕರಗಳನ್ನು ನಂಬುವುದು ಎಷ್ಟರಮಟ್ಟಿಗೆ ಯುಕ್ತ, ಅವು ಏನನ್ನು ತಿಳಿಸುತ್ತವೆ, ಏನನ್ನು ಮರೆಮಾಡುತ್ತವೆ ಎಂಬುದನ್ನು ಬೆಂಗಳೂರಿನ ಮತ್ತು ಹಳೆಯ ಮೈಸೂರು ಸೀಮೆಯ ಕೆಲವು ನಿದರ್ಶನಗಳಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

2

ಬೆಂಗಳೂರಿನ ಹುಟ್ಟಿನ ಕಥೆಯೇ ಒಂದು ಬೇಟೆಯ ಕಥೆ. ಹೊಯ್ಸಳ ವೀರಬಲ್ಲಾಳನು ಬೇಟೆಗೆ ಹೋಗಿ ಕಾಡಿನಲ್ಲಿ ದಾರಿತಪ್ಪಿ, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ತಿಂದನೆಂದೂ ಅದರಿಂದ ಊರಿಗೆ ಬೆಂದಕಾಳೂರೆಂಬ ಹೆಸರು ಬಂದಿತೆಂದೂ ಹೇಳುತ್ತಾರೆ. ಬೇಗೂರಿನಲ್ಲಿ ದೊರೆತ ಸುಮಾರು ಕ್ರಿ.ಶ. 900ರ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರೆಂಬ ಹೆಸರು ಆಗಲೇ ಬಂದಿರುವುದರಿಂದ ಈ ನಿರುಕ್ತಿ ನಿಲ್ಲುವುದಿಲ್ಲ. ಇದು ನಮ್ಮ ವಿದ್ಯಾರ್ಥಿಗಳಿಗೂ ವಿದಿತವಾದ ಸಂಗತಿ. ಗಮನಿಸತಕ್ಕ ಅಂಶ ಬೇರೊಂದಿದೆ. ನಿರುಕ್ತಿ ಬಿದ್ದುಹೋದರೂ ಕಥೆಯ ಚೌಕಟ್ಟು ನಮ್ಮ ಮನಸ್ಸಿನಲ್ಲಿ ಉಳಿದುಕೊಂಡಿದೆ: ಮೊದಲು ಇಲ್ಲಿದ್ದುದು ನಿರ್ಜನವಾದ ದಟ್ಟಕಾಡು, ಅನಂತರ ಬಂದುದು ಊರು. ಬೇಗೂರಿನ ಶಾಸನ ತಿಳಿಸುವುದಾದರೋ ಕಾಳಗದ ಸಂಗತಿ. ಕಾಳಗವಾಗುವಷ್ಟು ಜನವಸತಿ ಈ ಸೀಮೆಯಲ್ಲಿ ಸಾವಿರ ವರ್ಷಗಳಿಗೆ ಹಿಂದೆಯೇ ಇದ್ದಿತು. ಕೃಷಿ, ಮೇವಿನ ನೆಲ, ಕುರುಚಲು, ಕೆರೆ ಇವೆಲ್ಲ ಒಂದರೊಡನೊಂದು ಬೆರೆತಿದ್ದ ಸೀಮೆಯನ್ನು ನಾವು ಕಥೆಯ ಬಲದಿಂದ ಅಖಂಡವಾದ ಅರಣ್ಯವೆಂದು ಕಲ್ಪಿಸಿಕೊಂಡಿದ್ದೇವೆ.

ಬಸವನಗುಡಿಯ ದೊಡ್ಡ ಬಸವಣ್ಣನ ಐತಿಹ್ಯವನ್ನೂ ಹೀಗೆಯೇ ಪರಿಶೀಲಿಸಬಹುದು. ರೈತರ ಕಡಲೆಕಾಯಿ ಬೆಳೆಯನ್ನು ಮೇಯುತ್ತಿದ್ದ ಬಸವ ಪೆಟ್ಟು ತಿಂದು ಕಲ್ಲಾಯಿತೆಂದು ಕಥೆ. ಕಾರ್ತಿಕಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಇದೇ ಮೂಲವೆಂದು ಜನ ನಂಬುತ್ತಾರೆ. ಕಡಲೆಕಾಯಿ ಅಮೆರಿಕಾ ಖಂಡದ ಬೆಳೆ. ಯೂರೋಪಿಯನ್ನರ ಸಮುದ್ರಯಾನಗಳ ಅನಂತರವೇ ನಮ್ಮ ದೇಶಕ್ಕೆ ಬಂದುದು. ಆದುದರಿಂದ ಕಥೆಯ ಈಗಿನ ರೂಪ ಬಹಳ ಪ್ರಾಚೀನವಾದುದಲ್ಲ. ಆದರೂ ಬೆಳೆಗೂ ಪ್ರಾಣಿಗೂ ಇರುವ ಜಗಳ ಇಲ್ಲಿನ ಬದುಕಿನ ನಿತ್ಯದ ಸಂಗತಿಯಾಗಿತ್ತೆಂಬುದಕ್ಕೆ ಅದು ಸಾಕ್ಷಿಯಾಗುತ್ತದೆ. ಘಟನೆಯ ಕಾಲನಿರ್ಣಯಕ್ಕೆ ಕೆಲಸಕ್ಕೆ ಬಾರದ ಐತಿಹ್ಯ ಜನರ ಅನುಭವದ ಸ್ವರೂಪವನ್ನು ಅರಿಯಲು ಉಪಯುಕ್ತವಾಗಬಹುದು.

ಸ್ಥಳನಾಮಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆನೇಕಲ್ಲಿನ ಹೆಸರಿನಲ್ಲಿ ಆನೆಯನ್ನು ಕಾಣುವುದು ಸುಲಭ. ಬನ್ನೇರುಘಟ್ಟದ ಕಾಡಿನಲ್ಲಿ ಇಂದಿಗೂ ಆನೆಗಳಿರುವುದರಿಂದ ಆ ಅರ್ಥ ಸಹಜವೆಂದೂ ತೋರುತ್ತದೆ. ಆದರೆ ಆನೆಕಲ್ಲೆಂದರೆ ಆಲಿಕಲ್ಲೆಂಬ ಅರ್ಥವೂ ಕನ್ನಡದಲ್ಲಿ ಉಂಟು. ಊರಿನ ಹೆಸರನ್ನು ಅದಕ್ಕೆ ಹೊಂದಿಸಿ ಹೇಳುವುದೂ ರೂಢಿಯಲ್ಲಿದೆ. ಹೆಸರೊಂದರಿಂದಲೇ ಪ್ರಾಣಿಯ ವ್ಯಾಪ್ತಿಯನ್ನು ನಿರ್ಧರಿಸುವುದು ಸಾಧುವಲ್ಲ.

ಇನ್ನು ಶಾಸನಗಳು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನ (ಕ್ರಿ.ಶ. 949-50) ಈ ದೃಷ್ಟಿಯಿಂದ ಅತ್ಯಂತ ಬೆಲೆಯುಳ್ಳದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನು ತಿಳಿಸುವುದರಿಂದ ರಾಜಕೀಯ ಚರಿತ್ರೆಯನ್ನು ಬರೆದವರೆಲ್ಲರೂ ಇದನ್ನು ಉದಾಹರಿಸಿದ್ದಾರೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಒಂದು ನಾಯಿಗಾಗಿ. ಬೂತುಗನಿಂದ ಮಣಲೇರನು ಪಡೆದ ಕಾಳಿ ಎಂಬ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಡಲಾಯಿತು. ಎರಡೂ ಪರಸ್ಪರ ಕಾದಿ ಸತ್ತವು. ಕಲ್ಲಿನ ಮೇಲ್ಭಾಗದಲ್ಲಿ ಆ ಕಾದಾಟದ ಶಿಲ್ಪವಿದೆ. ನಾಯಿಗೆ ಹೆಸರು, ಪೂಜೆ, ದತ್ತಿ. ಹಂದಿಗೆ ‘ದೊಡ್ಡ’ ಎಂಬ ವಿಶೇಷಣ ಮಾತ್ರ. ಮನುಷ್ಯನ ಪಕ್ಷದಲ್ಲಿ ನಿಂತ ಪ್ರಾಣಿ ಚರಿತ್ರೆಯನ್ನು ಸೇರುತ್ತದೆ, ಎದುರಿಗೆ ನಿಂತದ್ದು ಬರಿಯ ನಿಮಿತ್ತವಾಗುತ್ತದೆ. ಮುಂದಿನ ಸಾವಿರ ವರ್ಷಗಳ ಬೇಟೆಯ ಬರಹವೂ ಬಹುತೇಕ ಈ ಪದ್ಧತಿಯನ್ನೇ ಅನುಸರಿಸಿತು.

3

ಆಂಗ್ಲರ ಶಿಕಾರಿ ಸಾಹಿತ್ಯದಲ್ಲಿ ನಮ್ಮ ಸೀಮೆಗೆ ಸಂಬಂಧಿಸಿದ ಮುಖ್ಯ ಗ್ರಂಥ ಜಿ. ಪಿ. ಸ್ಯಾಂಡರ್ಸನ್ನನ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ (1878). ಮೈಸೂರು ಸಂಸ್ಥಾನದ ನೀರಾವರಿ ಕೆಲಸಕ್ಕೆ ಬಂದ ಈತ ಚಾಮರಾಜನಗರದ ಕಡೆಯ ಕಾಡುಗಳಲ್ಲಿ ಆನೆಗಳನ್ನು ಖೆಡ್ಡಾಕ್ಕೆ ಕೆಡಹುವ ಕಾರ್ಯವನ್ನು 1870ರ ದಶಕದಲ್ಲಿ ನಡೆಸಿದನು. ಪ್ರಾಣಿಗಳ ನಡವಳಿಕೆಯನ್ನು ಈತ ಬಹು ಸಾವಧಾನದಿಂದ ನೋಡಿದ್ದಾನೆ. ಹುಲಿಗಳನ್ನು ದನ ಹಿಡಿಯುವವು, ಕಾಡುಪ್ರಾಣಿಗಳನ್ನು ಕೊಲ್ಲುವವು, ನರಭಕ್ಷಕಗಳು ಎಂದು ಮೂರು ಬಗೆಯಾಗಿ ವಿಂಗಡಿಸಿ, ಜಿಂಕೆ ಹಂದಿಗಳನ್ನು ಹತೋಟಿಯಲ್ಲಿಡುವ ಹುಲಿ ರೈತನಿಗೆ ಉಪಕಾರಿಯೆಂದು ವಾದಿಸಿದ್ದಾನೆ. ಹುಲಿಯ ತಲೆಗೆ ಸರ್ಕಾರ ಬಹುಮಾನ ಕಟ್ಟಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಮಾತಾಗಿರಲಿಲ್ಲ. ಆ ಬಹುಮಾನ ನೀತಿಯ ಪರಿಣಾಮವನ್ನು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕಹಾಕಿದ್ದಾರೆ: 1875ರಿಂದ 1925ರವರೆಗಿನ 50 ವರ್ಷಗಳಲ್ಲಿ ಇಂಡಿಯಾದಲ್ಲಿ ಸತ್ತ ಹುಲಿಗಳು 80,000ಕ್ಕೂ ಹೆಚ್ಚು, ಚಿರತೆಗಳು 1,50,000ಕ್ಕೂ ಹೆಚ್ಚು, ತೋಳಗಳು ಸುಮಾರು 2,00,000.

ಸ್ಯಾಂಡರ್ಸನ್ನನ ಈ ಗುಣವನ್ನು ಒಪ್ಪಿಕೊಂಡ ಮೇಲೆಯೂ ಗ್ರಂಥದ ದೊಡ್ಡ ಕೊರತೆಯನ್ನು ಹೇಳಬೇಕಾಗಿದೆ. ಆತನ ಅರಿವಿನ ಬಹುಭಾಗ ಹೆಜ್ಜೆಗುರುತು ಹಿಡಿಯುತ್ತಿದ್ದ ಸೋಲಿಗರದೂ ಕುರುಬರದೂ ಆಗಿತ್ತು. ಗ್ರಂಥದಲ್ಲಿ ಅವರು ಬರುತ್ತಾರೆ; ಆದರೆ ಜ್ಞಾನದ ಒಡೆಯರಾಗಿ ಬರದೆ ಒಡೆಯನ ಸಹಾಯಕರಾಗಿ ಬರುತ್ತಾರೆ. ಇದು ಕೇವಲ ಶೈಲಿಯ ದೋಷವಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ಅಭಯಾರಣ್ಯವಾಯಿತು. ಸೋಲಿಗರ ಬೇಟೆಯೂ ಬೆಂಕಿ ಹಾಕುವ ಪದ್ಧತಿಯೂ ನಿಷಿದ್ಧವಾದವು. ತರಗುಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನೆಲ್ಲ ಆವರಿಸಿತೆಂದು ಸೋಲಿಗರು ಹೇಳುತ್ತ ಬಂದಿದ್ದಾರೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಕಾರ 2011ರಲ್ಲಿ ಅವರ ಸಮುದಾಯದ ಹಕ್ಕುಗಳಿಗೆ ಮನ್ನಣೆ ದೊರೆತುದು, ಅದೇ ವರ್ಷ ಹುಲಿ ಸಂರಕ್ಷಿತ ಪ್ರದೇಶವಾದ ಆ ಕಾಡಿನಲ್ಲಿಯೇ. ಕಾಡನ್ನು ಬಲ್ಲವನು ಹೊರಗಿನಿಂದ ಬಂದವನು, ಒಳಗಿದ್ದವನು ಅವನ ಆಳು ಎಂಬ ಶಿಕಾರಿ ಗ್ರಂಥಗಳ ನೋಟ ಆಡಳಿತದ ನೋಟವೂ ಆಗಿ ಒಂದು ಶತಮಾನಕ್ಕೂ ಮೀರಿ ಬಾಳಿತೆಂಬುದನ್ನು ಈ ಕ್ರಮ ಸೂಚಿಸುತ್ತದೆ.

4

ಬೆಂಗಳೂರಿನಲ್ಲಿಯೇ ನೆಲಸಿದ್ದ ಕೆನೆತ್ ಆಂಡರ್ಸನ್ನನ (1910-1974) ಬರಹಗಳನ್ನು ಕನ್ನಡಿಗರು ಬಹುಮಟ್ಟಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಸಂಪುಟಗಳ ಮೂಲಕ ಬಲ್ಲರು. ಆಂಡರ್ಸನ್ನನ ಮೊದಲ ಸಂಕಲನ ಪ್ರಕಟವಾದುದು 1954ರಲ್ಲಿ. ಅದರಲ್ಲಿ ಜಾಲಹಳ್ಳಿಯ ಚಿರತೆಯನ್ನು ಕುರಿತ ಒಂದು ಅಧ್ಯಾಯವಿದೆ. ತೇಜಸ್ವಿಯವರಲ್ಲಿ ಅದು ‘ಜಾಲಹಳ್ಳಿಯ ಕುರ್ಕ’. ಅದೇ 1954ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಸ್ಥಾಪನೆಯಾಯಿತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬರಹದ ಚಾರಿತ್ರಿಕ ಮಹತ್ವ ಸ್ಪಷ್ಟವಾಗುತ್ತದೆ.

ಆಂಡರ್ಸನ್ನನ ಕಥೆಗಳ ಎಲ್ಲ ವಿವರಗಳಿಗೂ ಸ್ವತಂತ್ರವಾದ ಆಧಾರಗಳನ್ನು ಒದಗಿಸಲಾಗದು. ಅಪರಾಧಿಯಾದ ಪ್ರಾಣಿ, ಭಯಗ್ರಸ್ತವಾದ ಊರು, ಒಂಟಿಯಾಗಿ ಕುಳಿತು ಕಾಯುವ ಬೇಟೆಗಾರ, ಕೊನೆಗೆ ಗುಂಡು: ಈ ಅಚ್ಚು ಮತ್ತೆ ಮತ್ತೆ ಬರುತ್ತದೆ. ಆದರೆ ಕಥೆಯ ಅಚ್ಚಿಗೆ ಸೇರದ ವಿವರಗಳೇ ಚರಿತ್ರೆಕಾರನಿಗೆ ಹೆಚ್ಚು ನಂಬಿಕೆಗೆ ಅರ್ಹವಾದವು. ಹಳ್ಳಿಯ ದಾರಿ, ಕುರುಚಲಿನ ಸ್ವರೂಪ, ಕಟ್ಟಿದ ಮೇಕೆ, ಹಿಂದೆ ತಗಲಿದ ಗಾಯದಿಂದ ಕೆಟ್ಟ ಪ್ರಾಣಿ, ಇವುಗಳನ್ನು ಕಟ್ಟಿ ಹೇಳುವುದರಿಂದ ಕಥೆಗಾರನಿಗೆ ಲಾಭವಿಲ್ಲ. ನರಭಕ್ಷಕತ್ವಕ್ಕೆ ಅನೇಕ ವೇಳೆ ಮನುಷ್ಯನೇ ಮಾಡಿದ ಗಾಯ ಕಾರಣವೆಂದು ಆತ ಹೇಳಿರುವುದೂ ತನ್ನ ನಾಯಕತ್ವವನ್ನು ತಗ್ಗಿಸುವ ಮಾತೇ ಆಗಿದೆ.

ಈ ಓದಿನ ಪ್ರಯೋಜನ ಇಂದಿನದು. 2016ರ ಫೆಬ್ರವರಿಯಲ್ಲಿ ನಗರದ ಪೂರ್ವಭಾಗದ ಶಾಲೆಯೊಂದರಲ್ಲಿ ಚಿರತೆ ಕಾಣಿಸಿಕೊಂಡು ಕೆಲವರು ಗಾಯಗೊಂಡರು. 2023ರ ನವೆಂಬರಿನಲ್ಲಿ ಕೂಡ್ಲು ಭಾಗದ ಚಿರತೆ, ಸೆರೆಹಿಡಿಯುವ ಯತ್ನ ನಡೆದಾಗ ಗುಂಡೇಟಿನಿಂದ ಸತ್ತಿತು. ಎರಡು ಸಲವೂ ಚಿರತೆ ನಗರಕ್ಕೆ ನುಗ್ಗಿತೆಂದು ಜನ ಆಡಿದರು. ಜಾಲಹಳ್ಳಿಯ ಕಥೆಯನ್ನು ಆಕರವಾಗಿ ಓದಿದವರು ಈ ಕ್ರಿಯಾಪದವನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಬಂಡೆ, ಕುರುಚಲು, ಹಳ್ಳಿಯ ಅಂಚು ಇವೇ ಚಿರತೆಯ ನೆಲೆ. ಅಲ್ಲಿಗೆ ನಗರ ಬಂದಿದೆ. ನುಗ್ಗಿದ್ದೆಂದರೆ ಹೊರಹಾಕುವುದೇ ಪರಿಹಾರವೆನಿಸುತ್ತದೆ. ಇದ್ದುದೆಂದರೆ ಕಸ, ಬೀದಿನಾಯಿ, ಬೆಳಕು, ಬೇಲಿ ಇವುಗಳ ವಿಚಾರವಾಗಿ ನಗರವೇ ತನ್ನ ವ್ಯವಸ್ಥೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಗಾಯಗೊಂಡವರ ನೋವನ್ನು ಈ ವಾದ ಹಗುರ ಮಾಡುವುದಿಲ್ಲ. ಮುಂದಿನ ಗಾಯವನ್ನು ತಪ್ಪಿಸುವ ದಾರಿ ಯಾವುದೆಂಬುದಷ್ಟೇ ಪ್ರಶ್ನೆ.

5

ಬೇಟೆಯ ಸಾಹಿತ್ಯದ ಅತ್ಯಂತ ದೊಡ್ಡ ದೋಷ ಅದರ ಮೌನ. ಬೇಟೆಗೆ ಯೋಗ್ಯವಲ್ಲದ ಜೀವಿಗಳಿಗೆ ಅಲ್ಲಿ ಸ್ಥಾನವಿಲ್ಲ. ಮಲ್ಲೇಶ್ವರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾಡುಪಾಪ ಇದೆ. ದೊಡ್ಡ ಕಣ್ಣುಗಳ, ರಾತ್ರಿ ಸಂಚರಿಸುವ ಈ ಪುಟ್ಟ ಪ್ರಾಣಿ ನೆಗೆಯುವುದಿಲ್ಲ. ಕೊಂಬೆಯಿಂದ ಕೊಂಬೆಯನ್ನು ಹಿಡಿದು ಮೆಲ್ಲಗೆ ಸಾಗುತ್ತದೆ. ನಗರದಲ್ಲಿ ಅದರ ನೆಲೆಗಳನ್ನು ಗುರುತಿಸಲು 2014ರಲ್ಲಿ ನಾಗರಿಕರೂ ವಿಜ್ಞಾನಿಗಳೂ ಸೇರಿ ಸಮೀಕ್ಷೆಯನ್ನು ಆರಂಭಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ಹುಲಿಯ ಸಮಾನವಾದ ಸ್ಥಾನವಿದೆ. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಮರಗಳನ್ನು ಒಂದೊಂದಾಗಿ ಎಣಿಸುತ್ತದೆ. ಕಡಿದ ಮರಕ್ಕೆ ಬದಲು ಬೇರೆಡೆ ಸಸಿ ನೆಟ್ಟರೆ ಲೆಕ್ಕ ಸರಿಹೋಗಬಹುದು. ಕಾಡುಪಾಪಕ್ಕೆ ಬೇಕಾದ ಕೊಂಬೆಗಳ ಸಾತತ್ಯ ಆ ಲೆಕ್ಕದಲ್ಲಿ ಬರುವುದಿಲ್ಲ. 2011ರಲ್ಲಿ ಸ್ಯಾಂಕಿ ರಸ್ತೆಯ ಅಗಲೀಕರಣಕ್ಕಾಗಿ ಮರಗಳು ಉರುಳಿದಾಗ ಮಲ್ಲೇಶ್ವರದ ನಿವಾಸಿಗಳು ನಡೆಸಿದ ಪ್ರತಿಭಟನೆ ನೆರಳಿಗಾಗಿ, ಗಾಳಿಗಾಗಿ ಎಂದು ತೋರಿತು. ಇಂಥ ಸಾತತ್ಯದ ಪ್ರಶ್ನೆಯೂ ಅದರಲ್ಲಿ ಅಡಗಿತ್ತೆಂದು ಹೇಳಬಹುದು.

ಹುಲ್ಲುಗಾವಲಿನ ಪಾಡು ಇದಕ್ಕಿಂತಲೂ ಕಷ್ಟದ್ದು. ಶಿಕಾರಿ ಗ್ರಂಥ ಕಾಡನ್ನು ಹೊಗಳಿತು; ಕಂದಾಯದ ದಫ್ತರ ಹುಲ್ಲಿನ ಬಯಲನ್ನು ಬಂಜರೆಂದು ಬರೆಯಿತು. ಬೆಂಗಳೂರಿಗೆ 1894ರಿಂದ ನೀರು ಕೊಟ್ಟ ಹೆಸರಘಟ್ಟದ ಕೆರೆಯ ಮಗ್ಗುಲಿನ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶವಾಗಿಸುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತು. ನ್ಯಾಯಾಲಯದಲ್ಲಿ ಪ್ರಶ್ನೆಯೆದ್ದು, 2024ರಲ್ಲಿ 5,000 ಎಕರೆಗೂ ಮೀರಿದ ಪ್ರದೇಶಕ್ಕೆ ಅದೇ ಮಂಡಳಿ ಒಪ್ಪಿಗೆಯಿತ್ತಿತು. ನೆಲ ಒಂದೇ, ಹಕ್ಕಿಗಳೂ ಅವೇ. ಬದಲಾದುದು ನೆಲವನ್ನು ಓದುವ ಬಗೆ. ‘ಬಂಜರು’ ಎಂಬುದು ಕಂದಾಯ ಬಾರದ ನೆಲವೆಂಬ ಆಡಳಿತದ ಪದ, ಜೀವವಿಲ್ಲದ ನೆಲವೆಂಬ ವರ್ಣನೆಯಲ್ಲ. ಇದನ್ನು ಬಿಡಿಸಿ ತೋರಿಸುವುದು ಚರಿತ್ರೆಯ ಅಧ್ಯಾಪಕರ ಕರ್ತವ್ಯವೇ ಸರಿ.

6

ಕನ್ನಡ ಸಾಹಿತ್ಯದಲ್ಲಿ ಇದಕ್ಕೆ ಪ್ರತಿಯಾದ ಒಂದು ಮಾರ್ಗವೂ ತೋರಿದೆ. ಆಂಡರ್ಸನ್ನನನ್ನು ಕನ್ನಡಕ್ಕೆ ತಂದ ತೇಜಸ್ವಿಯವರೇ 1980ರಲ್ಲಿ ‘ಕರ್ವಾಲೊ’ ಕಾದಂಬರಿಯನ್ನು ಪ್ರಕಟಿಸಿದರು. ಅಲ್ಲಿಯೂ ಕಾಡಿದೆ, ಜಾಡು ಹಿಡಿಯುವವರಿದ್ದಾರೆ, ಬೆನ್ನಟ್ಟುವಿಕೆಯಿದೆ. ಆದರೆ ಹುಡುಕುತ್ತಿರುವುದು ಯಾವ ಬೇಟೆಗಾರನೂ ಬಯಸದ ಹಾರುವ ಓತಿಯನ್ನು. ಅದು ಕೊನೆಗೆ ಕೈಗೆ ಸಿಗುವುದಿಲ್ಲ. ಹಳ್ಳಿಯ ಮಂದಣ್ಣ ಆಳಾಗಿ ಉಳಿಯದೆ ವಿಜ್ಞಾನಿಯ ಸಮಾನನಾದ ಅನ್ವೇಷಕನಾಗುತ್ತಾನೆ. ಸ್ಯಾಂಡರ್ಸನ್ನನ ಗ್ರಂಥದಲ್ಲಿ ಕಂಡ ಎರಡು ಕೊರತೆಗಳನ್ನೂ, ಎಂದರೆ ಸಣ್ಣ ಜೀವಿಯ ಅಲಕ್ಷ್ಯವನ್ನೂ ಸ್ಥಳೀಯನ ಅಲಕ್ಷ್ಯವನ್ನೂ, ಈ ಕಾದಂಬರಿ ತುಂಬಿಕೊಟ್ಟಿದೆ. ಇದು ಆಕರವಲ್ಲ, ಕಲ್ಪಿತ ಕಥೆ. ಆದರೆ ಆಕರಗಳಿಗೆ ಯಾವ ಪ್ರಶ್ನೆಗಳನ್ನು ಹಾಕಬೇಕೆಂಬುದನ್ನು ಅದು ಕಲಿಸುತ್ತದೆ.

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸಿದ್ಧಿಸುತ್ತವೆ. ಬೇಟೆಯ ಬರಹ ಪ್ರಾಣಿಯ ಸಂಖ್ಯೆಗೆ ದುರ್ಬಲವಾದ ಸಾಕ್ಷಿ, ಅದರ ನೆಲೆಗೆ ಸಾಕಷ್ಟು ಬಲವಾದ ಸಾಕ್ಷಿ. ಬರಹದಲ್ಲಿ ಇಲ್ಲದ ಜೀವಿ ನೆಲದಲ್ಲಿಯೂ ಇರಲಿಲ್ಲವೆಂದು ತರ್ಕಿಸುವುದು ತಪ್ಪು. ಕಾಡನ್ನು ಬಲ್ಲವರ ಮೌಖಿಕ ಜ್ಞಾನವನ್ನು ಲಿಖಿತ ಆಕರದಷ್ಟೇ ಕಟ್ಟುನಿಟ್ಟಾಗಿ ಸಂಗ್ರಹಿಸಿ ಪರೀಕ್ಷಿಸದಿದ್ದರೆ ಚಿತ್ರ ಅಪೂರ್ಣವಾಗಿಯೇ ಉಳಿಯುತ್ತದೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಹಳೆಯ ನಕ್ಷೆಗಳು, ಕೆಂಪಾಂಬುಧಿ ಮತ್ತು ಸ್ಯಾಂಕಿ ಕೆರೆಗಳ ದಾಖಲೆಗಳು, ಕಂದಾಯದ ಪುಸ್ತಕಗಳು, ಹಿರಿಯ ನಿವಾಸಿಗಳ ನೆನಪುಗಳು ಇವುಗಳನ್ನು ಒಂದರೊಡನೊಂದು ಹೋಲಿಸಿ ನೋಡುವ ಕೆಲಸ ಇನ್ನೂ ವಿಪುಲವಾಗಿ ಉಳಿದಿದೆ. ಮರವನ್ನು ಕಡಿಯುವ, ಕೆರೆಯನ್ನು ತುಂಬುವ, ಹುಲ್ಲುಗಾವಲನ್ನು ಹಂಚುವ ನಿರ್ಧಾರಗಳು ವಿದ್ವಾಂಸರಿಗಾಗಿ ಕಾದು ಕುಳಿತಿರುವುದಿಲ್ಲ. ಹಿಂದೆ ಇಲ್ಲಿ ಏನೂ ಇರಲಿಲ್ಲವೆಂಬ ಮಾತು ಮುಂದೆ ಬಂದಾಗ, ಇದ್ದುದನ್ನು ಆಧಾರಸಹಿತವಾಗಿ ಹೇಳಬಲ್ಲವರು ನಮ್ಮ ವಿಭಾಗಗಳಿಂದ ಹೊರಬರಬೇಕು.